ಕಲ್ಲುಹೂವು ವಿಭಾಗದ ಏಳು ಮೆಟ್ಟಿಲು

ಹಂಚಿಕೆ ಆದೇಶ ಹೊರಡುವ ದಿನ ನಮ್ಮ ವಿಶ್ವವಿದ್ಯಾಲಯದಲ್ಲಿ ಯಾರೂ ಕಟ್ಟಡದ ಒಳಗೆ ಇರುವುದಿಲ್ಲ. ಬೆಳಿಗ್ಗೆ ಹತ್ತಕ್ಕೆಲ್ಲ ಗಾಜಿನ ಸಾಮಾನು, ತಕ್ಕಡಿ, ಗೋಡೆ ಗಡಿಯಾರ ಎತ್ತಿಕೊಂಡು ಆಟದ ಮೈದಾನಕ್ಕೆ ಬರುತ್ತಾರೆ. ಬುತ್ತಿ ಬಿಚ್ಚುತ್ತಾರೆ, ಆದರೆ ಎಲ್ಲರ ಕಣ್ಣೂ ಕಟ್ಟಡಗಳ ಮೇಲೆಯೇ. ರಾಜಧಾನಿಯಲ್ಲಿ ಸಹಿ ಬಿದ್ದ ಹೊತ್ತಿಗೆ ಇಲ್ಲಿ ನೆಲ ಒಮ್ಮೆ ಗುರ್ ಎನ್ನುತ್ತದೆ, ಧೂಳು ಏಳುತ್ತದೆ, ಒಂದೊಂದು ಕಟ್ಟಡವೂ ತನ್ನ ಪಾಲಿಗೆ ತಕ್ಕಂತೆ ಏರುತ್ತದೆ, ಇಲ್ಲವೆ ಇಳಿಯುತ್ತದೆ. ಧೂಳು ಕೂತ ಮೇಲೆ ಎಲ್ಲರೂ ಕಣ್ಣಿಗೆ ಕೈ ಅಡ್ಡ ಹಿಡಿದು, ದೂರದಿಂದಲೇ, ತಂತಮ್ಮ ಬಾಗಿಲಿನ ಮೆಟ್ಟಿಲು ಎಣಿಸುತ್ತಾರೆ.

ವ್ಯಾಪಾರ ನಿರ್ವಹಣೆಯ ಕಟ್ಟಡಕ್ಕೆ ಈಗ ನಲವತ್ತೆರಡು ಮೆಟ್ಟಿಲು. ಅಲ್ಲಿಯವರು ಏದುಸಿರು ಬಿಡುತ್ತಲೇ ಮೇಲೆ ಗಾಳಿ ಚೆನ್ನಾಗಿದೆ ಎನ್ನುತ್ತಾರೆ. ಹಳೆ ಲಿಪಿಗಳ ವಿಭಾಗ ಇಳಿದು ಇಳಿದು ತಾರಸಿ ಮಾತ್ರ ಉಳಿದಿದೆ. ಅವರು ನೀರಿನ ಟಾಕಿಯ ಮೇಲೆ ನಾಮಫಲಕ ಬರೆಸಿ, ಒಳಗಿಳಿಯಲು ಏಣಿ ಇಟ್ಟುಕೊಂಡು, ಬೇಸಿಗೆಗೆ ತಂಪು ಎಂದು ಸಮಾಧಾನ ಮಾಡಿಕೊಂಡಿದ್ದಾರೆ. ಗೇಟು ಕಾಯುವ ದಾವಲಸಾಬ ಮಾತ್ರ ಆ ದಿನವೂ ನಗುತ್ತಾನೆ. ಗೇಟಿಗೆ ಪಾಲೂ ಇಲ್ಲ, ಹಂಚಿಕೆಯೂ ಇಲ್ಲ, ಅದಕ್ಕೇ ಅದು ಇದ್ದಲ್ಲೇ ಇದೆ ಎಂಬುದು ಅವನ ಮಾತು.

ರಾಜ್ಯದಲ್ಲಿ ಇಂಥ ವಿಶ್ವವಿದ್ಯಾಲಯಗಳು ಆರು. ಹಂಚುವುದಕ್ಕೆ ಇರುವ ಎತ್ತರ ಒಟ್ಟು ಇಷ್ಟೇ ಎಂದು ಇದೆ. ಗುಡ್ಡದಾಚೆಯ ಊರಿನವರು ಏರಿದ ವರ್ಷ ನಾವು ಇಳಿಯಲೇಬೇಕು. ಯಾರಿಗೆ ಎಷ್ಟು ಎಂದು ಗೊತ್ತು ಮಾಡಲು ಮೂರು ಸಂಗತಿ ನೋಡುತ್ತಾರೆ. ಎಷ್ಟು ಮಂದಿ ಕಲಿಯುತ್ತಿದ್ದಾರೆ, ಎಷ್ಟು ಮಂದಿ ಪಾಸಾಗಿ ಹೊರಬಿದ್ದರು, ಹೋದ ವರ್ಷ ಆ ಕಟ್ಟಡ ಯಾವ ಮಟ್ಟದಲ್ಲಿತ್ತು. ಈ ಮೂರನೆಯದು ನನ್ನ ಕೈಯಿಂದ ಹೋಗುತ್ತಿತ್ತು.

ನಾನು ಇಲ್ಲಿನ ಮೆಟ್ಟಿಲು ಮೇಸ್ತ್ರಿ. ಆ ಕೆಲಸ ನನ್ನ ಗಂಡನದು. ಅವನು ಹೋದ ಮೇಲೆ ಅನುಕಂಪದ ಆಧಾರದಲ್ಲಿ ನನಗೆ ಬಂತು. ಆಗ ಮಗಳು ಸುಗಲಾಗೆ ಹನ್ನೆರಡು. ಆದೇಶದ ಮರುದಿನದಿಂದ ಎಂಟು ದಿನ ನೆಲ ಕೂರುವ ರಜೆ, ಯಾರೂ ಕಟ್ಟಡದ ಹತ್ತಿರ ಸುಳಿಯುವಂತಿಲ್ಲ. ಆ ಎಂಟು ದಿನ ಗುದ್ದಲಿ, ಸಲಿಕೆ, ಬುಟ್ಟಿ ಹಿಡಿದು ಒಳಗೆ ಇರುವವಳು ನಾನೊಬ್ಬಳೇ. ಏರಿದ ಬಾಗಿಲಿಗೆ ಮೆಟ್ಟಿಲು ಕಟ್ಟಬೇಕು, ಇಳಿದದ್ದಕ್ಕೆ ತೆಗೆಯಬೇಕು. ಕೊನೆಗೆ ರಿಜಿಸ್ಟರಿನಲ್ಲಿ ಕಟ್ಟಡದ ಹೆಸರು, ಅದರ ಮುಂದೆ ಮೆಟ್ಟಿಲ ಸಂಖ್ಯೆ, ಅದರ ಮುಂದೆ ನನ್ನ ಸಹಿ. ಅದರ ನಕಲು ರಾಜಧಾನಿಗೆ.

ಕಲ್ಲುಹೂವು ವಿಭಾಗದ ಕಟ್ಟಡ ಹಳೆಯದು, ಕಲ್ಲಿನದು, ಬಾಗಿಲಿಗೆ ಏಳು ಮೆಟ್ಟಿಲು. ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ಜಾತಿಯವನ್ನೆಲ್ಲ ಅಲ್ಲಿ ಅಭ್ಯಾಸ ಮಾಡುತ್ತಾರೆ. ಬಂಡೆಗೆ, ಮರಕ್ಕೆ, ಗೋಡೆಗೆ ಅಂಟಿಕೊಂಡು ಯಾರ ಗಮನಕ್ಕೂ ಬಾರದೆ ಬೆಳೆಯುವಂಥವು. ಆ ಕಟ್ಟಡದ ಬಡಗಣ ಗೋಡೆಯ ಮೇಲೆ, ನಿಂತರೆ ಸೊಂಟದ ಮಟ್ಟಕ್ಕೆ, ಒಂದು ಕಲ್ಲುಹೂವು ಇದೆ. ಜೋಳದ ರೊಟ್ಟಿಯಷ್ಟು ಅಗಲ, ಬೂದಿ ಬಣ್ಣ, ಅಂಚಿನಲ್ಲಿ ಸ್ವಲ್ಪ ಹಸಿರು. ಆ ಹಳೆ ಕಟ್ಟಡದಲ್ಲಿ ವಿಭಾಗ ಶುರುವಾದ ವರ್ಷ ಮೊದಲ ಪ್ರೊಫೆಸರರು ಅದರ ಅಂಚಿಗೆ ಒಂದು ಹಿತ್ತಾಳೆ ಮೊಳೆ ಹೊಡೆದು ಅಳತೆ ಶುರು ಮಾಡಿದರು. ಐವತ್ತೊಂದು ವರ್ಷದಿಂದ ವರ್ಷಕ್ಕೊಮ್ಮೆ ಅಳೆಯುತ್ತಾರೆ. ಒಳ್ಳೆಯ ವರ್ಷದಲ್ಲಿ ಅದು ಅರ್ಧ ಮಿಲಿಮೀಟರ್ ಬೆಳೆಯುತ್ತದೆ. ಇಂಥದ್ದನ್ನು ನಂಬಿಕೊಂಡು ಎಷ್ಟು ಮಂದಿ ಕಲಿಯಲು ಬರುತ್ತಾರೆ, ಎಷ್ಟು ಬೇಗ ಪಾಸಾಗುತ್ತಾರೆ? ಆ ಎರಡು ಲೆಕ್ಕದಲ್ಲಿ ವಿಭಾಗ ಪ್ರತಿ ವರ್ಷ ಸೋಲುತ್ತಿತ್ತು.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಅದು ಎರಡು ಮೆಟ್ಟಿಲು ಇಳಿಯಿತು. ವಿಭಾಗದ ಮುಖ್ಯಸ್ಥರಾದ ಇಂಚಲ ಸರ್‌ಗೆ ಆಗಲೇ ಮೊಣಕಾಲು ನೋವು. ರಜೆ ಮುಗಿಸಿ ಬಂದು ನೋಡಿದರೆ ಅವರ ಮುಖ ಹೇಗಾಗುತ್ತದೋ ಎನ್ನಿಸಿತು. ಗಂಡ ಸತ್ತ ವರ್ಷ ಸುಗಲಾಳ ಶಾಲೆಗೆ ಬಿಡುವಿದ್ದಾಗೆಲ್ಲ ಅವಳನ್ನು ತಮ್ಮ ಕೋಣೆಯಲ್ಲಿ ಕೂರಿಸಿಕೊಂಡು ಓದಿಸಿದ ಮನುಷ್ಯ. ಎರಡು ಮೆಟ್ಟಿಲು ಎಂದರೆ ಒಂದು ಅಡಿ ಮಣ್ಣು. ಕಟ್ಟಡ ಏರಿಸುವುದು ನನ್ನ ಕೈಯಲ್ಲಿಲ್ಲ, ನೆಲ ಇಳಿಸಬಹುದಲ್ಲ ಎಂದುಕೊಂಡು ಮುಂದಿನ ಅಂಗಳವನ್ನೂ ಬಡಗಣ ಗೋಡೆಯ ಬುಡವನ್ನೂ ಒಂದು ಅಡಿ ತೋಡಿ, ದಾರಿಯನ್ನು ಇಳಿಜಾರು ಮಾಡಿದೆ. ಮಣ್ಣನ್ನು ಕಟ್ಟಡದ ಹಿಂದೆ ಹೊತ್ತು ಹಾಕಿದೆ. ಎಣಿಸಿದೆ, ಮತ್ತೆ ಏಳಿತ್ತು. ಏಳು ಎಂದು ಬರೆದೆ. ಕಣ್ಣಿಗೆ ಕಂಡದ್ದನ್ನೇ ಬರೆದಿದ್ದೇನೆ, ಸುಳ್ಳಲ್ಲ ಎಂದುಕೊಂಡೆ.

ಹೀಗೆ ಹದಿನಾಲ್ಕು ವರ್ಷ. ಒಂದು ವರ್ಷ ಒಂದು ಮೆಟ್ಟಿಲು, ಒಂದು ವರ್ಷ ಎರಡು, ಕೆಲವು ವರ್ಷ ಏನೂ ಇಲ್ಲ. ಒಟ್ಟು ಹದಿಮೂರು. ನಮ್ಮೂರಿನಲ್ಲಿ ನೆಲ ಇಳಿಯಿತೋ ಕಟ್ಟಡ ಇಳಿಯಿತೋ ಎಂದು ಯಾರೂ ಕೇಳುವುದಿಲ್ಲ, ಮೆಟ್ಟಿಲು ಎಷ್ಟು ಎಂದು ಕೇಳುತ್ತಾರೆ. ಅಷ್ಟು ಇಳಿಜಾರಿನಲ್ಲಿ ದಿನಾ ನಡೆಯುವವರಿಗೂ ಅದು ಮೊದಲಿಂದ ಹಾಗೇ ಇದ್ದದ್ದು ಎನ್ನಿಸಿಬಿಟ್ಟಿತ್ತು. ಹಿಂದಿನ ಮಣ್ಣು ಗುಡ್ಡೆಯಾಗಿ ಬೆಳೆಯಿತು. ಅದು ಎಲ್ಲ ಕಟ್ಟಡಗಳ ಬುಡದ ಮಣ್ಣು ಎಂದು ಮಗಳಿಗೆ ಹೇಳಿದ್ದೆ. ಅವಳು ಆ ಗುಡ್ಡೆಯ ಮೇಲೆ ಕೂತು ಓದಿ ಪದವಿ ಮುಗಿಸಿದಳು, ಆಮೇಲೆ ಇಂಚಲ ಸರ್ ಕೈಕೆಳಗೇ ಸಂಶೋಧನೆಗೆ ಸೇರಿದಳು. ಈಗ ವಿಭಾಗಕ್ಕೆ ಅವಳೊಬ್ಬಳೇ ವಿದ್ಯಾರ್ಥಿ. ಅವಳ ಪ್ರಬಂಧ ಆ ಗೋಡೆಯ ಕಲ್ಲುಹೂವಿನ ಐವತ್ತೊಂದು ವರ್ಷದ ಬೆಳವಣಿಗೆಯ ಮೇಲೆ.

ಹೋದ ವರ್ಷ ತೋಡುವಾಗ ಗುಂಡಿಯ ತಳದಲ್ಲಿ ಮಣ್ಣು ಕಪ್ಪಾಯಿತು. ಗುದ್ದಲಿ ಎತ್ತಿದ ಕಡೆ ನೀರು ಜಿನುಗಿತು. ಇನ್ನು ಒಂದು ಮೆಟ್ಟಿಲು ತೋಡಿದರೂ ಅದು ಅಂಗಳವಲ್ಲ, ಬಾವಿ. ಅಂದಿನಿಂದ ನನಗೆ ನೆಮ್ಮದಿಯಿಲ್ಲ. ರೊಟ್ಟಿ ತಟ್ಟುವಾಗಲೂ ಆ ಕಪ್ಪು ಮಣ್ಣು ಕಣ್ಣ ಮುಂದೆ ಬರುತ್ತಿತ್ತು. ಮಗಳು ಯಾಕೆ ಉಣ್ಣುತ್ತಿಲ್ಲ ಎಂದು ಕೇಳಿದರೆ, ಕೆಲಸದ ಹತ್ತಿರವೇ ಉಂಡು ಬಂದೆ ಎಂದು ಹೇಳುವುದು, ಬುಟ್ಟಿಯಲ್ಲಿ ರೊಟ್ಟಿ ಅವಳಿಗಷ್ಟೇ ಸಾಲುತ್ತಿದ್ದ ದಿನಗಳಿಂದಲೂ ರೂಢಿಯಾಗಿತ್ತು.

ಈ ವರ್ಷ ಆದೇಶಕ್ಕೆ ಒಂದು ತಿಂಗಳು ಮೊದಲು ಸುತ್ತೋಲೆ ಬಂತು. ಜೊತೆಗೆ ಕಲ್ಲುಹೂವು ವಿಭಾಗಕ್ಕೆ ಒಂದು ಅಭಿನಂದನಾ ಪತ್ರ. ಇಂಚಲ ಸರ್ ನನ್ನನ್ನು ಕರೆಸಿ, ಕನ್ನಡಕ ಏರಿಸಿ, ಎರಡನ್ನೂ ಓದಿದರು. ಕಡಿಮೆ ಪಾಲಿನಲ್ಲಿಯೂ ಹದಿನಾಲ್ಕು ವರ್ಷ ಮಟ್ಟ ಕಾಯ್ದುಕೊಂಡ ಕಟ್ಟಡ ಆರೂ ವಿಶ್ವವಿದ್ಯಾಲಯಗಳಲ್ಲಿ ಇದೊಂದೇ, ಇದು ಮಾದರಿ ಕಟ್ಟಡ ಎಂದು ಪತ್ರದಲ್ಲಿತ್ತು. ಸುತ್ತೋಲೆಯಲ್ಲಿ, ತುಂಬ ಕುಸಿದ ಕಟ್ಟಡಗಳಿಗೆ ಈ ಸಲ ಕುಸಿತ ಪರಿಹಾರ ಕೊಟ್ಟು ಎತ್ತಲಾಗುವುದು, ಅದಕ್ಕೆ ಬೇಕಾದ ಎತ್ತರವನ್ನು ನಿಭಾಯಿಸುವ ಶಕ್ತಿಯಿರುವ ಕಟ್ಟಡಗಳಿಂದ ಪಡೆಯಲಾಗುವುದು ಎಂದಿತ್ತು. ನಮ್ಮಿಂದ ಒಂಬತ್ತು ಮೆಟ್ಟಿಲು. ಅದಕ್ಕೆ ಮೊದಲು ರಾಜಧಾನಿಯಿಂದ ಮೋಜಣಿ ಸಾಹೇಬರು ಬಂದು ಮಟ್ಟ ಅಳೆದು ಖಾತ್ರಿ ಮಾಡಿಕೊಳ್ಳುತ್ತಾರೆ.

ಒಂಬತ್ತು ಮೆಟ್ಟಿಲು ಎಂದರೆ ಗೋಡೆಯ ಕಲ್ಲುಹೂವು ನೀರಿನೊಳಗೆ. ಐವತ್ತೊಂದು ವರ್ಷದ ಅಳತೆ ಅಲ್ಲಿಗೆ ಮುಗಿಯಿತು, ಮಗಳ ಪ್ರಬಂಧವೂ, ವಿಭಾಗವೂ.

ಸರ್ ಕಾಗದ ಮಡಚಿ ಮೇಜಿನ ಮೇಲಿಟ್ಟರು. ನನ್ನ ಮುಖ ನೋಡಲಿಲ್ಲ.

“ಕಾಶವ್ವ, ಖರೇ ಹೇಳ್ರಿ. ಎಷ್ಟು ಇಳದೀವಿ ನಾವು?”

“ರಿಜಿಸ್ಟರದಾಗ ಏಳು ಐತ್ರಿ.”

“ರಿಜಿಸ್ಟರ್ ನನಗ ಗೊತ್ತದ. ನಾನು ಕೇಳಬೇಕಾಗಿತ್ತು, ಕೇಳಲಿಲ್ಲ. ಮೊಣಕಾಲಿಗೆ ಬರೋಬರಿ ಏಳೇ ಮೆಟ್ಟಿಲು ಸಿಕ್ಕಾಗ ಯಾರು ಕೇಳ್ತಾರ?”

ಹದಿಮೂರು ಎಂದೆ. ಹೇಳಿದ ಮೇಲೆ ಬಾಗಿಲಲ್ಲಿ ಸುಗಲಾ ನಿಂತಿರುವುದು ಕಂಡಿತು. ಕೈಯಲ್ಲಿ ಅಳತೆಯ ಪುಸ್ತಕ. ಅವಳು ಹೊರಗೆ ಹೋಗಿ ಬಡಗಣ ಗೋಡೆಯ ಬುಡಕ್ಕೆ ಇಳಿದಳು. ನಾನು ಹಿಂದೆ ಹೋದೆ. ಅವಳು ಗೋಡೆಯನ್ನಲ್ಲ, ಎದುರಿನ ಮಣ್ಣಿನ ಬದಿಯನ್ನು ನೋಡುತ್ತಿದ್ದಳು. ಅದು ಅವಳ ತಲೆಗಿಂತ ಎತ್ತರವಿತ್ತು. ಮಧ್ಯಾಹ್ನ ಎರಡಕ್ಕೇ ಅದರ ಮರೆಯಲ್ಲಿ ಕಲ್ಲುಹೂವಿನ ಮೇಲೆ ಸಂಜೆಯ ಮಬ್ಬಿತ್ತು.

ಅವಳು ಮೂರು ವರ್ಷದಿಂದ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದಳು. ಮೊದಲ ಮೂವತ್ತೇಳು ವರ್ಷ ಸರಿಯಾಗಿ ಬೆಳೆದ ಕಲ್ಲುಹೂವು ಆಮೇಲೆ ಯಾಕೆ ಕುಗ್ಗಿತು, ಅರ್ಧ ಮಿಲಿಮೀಟರ್ ಯಾಕೆ ಕಾಲಾಯಿತು, ಅದಕ್ಕಿಂತಲೂ ಕಡಿಮೆ ಯಾಕಾಯಿತು ಎಂದು. ಗಾಳಿ ಹಿಡಿದು ನೋಡಿದಳು, ಮಳೆ ನೀರು ಪರೀಕ್ಷಿಸಿದಳು. ಊರಾಚೆಯ ಇಟ್ಟಿಗೆ ಭಟ್ಟಿಯ ಹೊಗೆಯೇ ಕಾರಣ ಎಂದು ಒಂದು ಅಧ್ಯಾಯವನ್ನೇ ಬರೆದಿದ್ದಳು. ಗೋಡೆಗೆ ಬೀಳುವ ಬೆಳಕು ಐವತ್ತೊಂದು ವರ್ಷದಿಂದ ಬದಲಾಗಿಲ್ಲ ಎಂಬುದು ಅದರ ಮೊದಲ ಸಾಲು.

“ಅವ್ವಾ, ಬೆಳಕು ಬದಲಾಗಿಲ್ಲಂತ ಬರದೀನಿ ನಾನು. ನಿನ್ನ ರಿಜಿಸ್ಟರ್ ನೋಡಿ ಬರದೀನಿ.”

ನಿನಗೆ ತ್ರಾಸಾಗಬಾರದಂತ ಮಾಡಿದೆ ಎಂದೆ.

“ಮೊದಲೇ ಹೇಳಿದ್ದರ ತ್ರಾಸು ಯಾವುದು ಅಂತಾದರೂ ಗೊತ್ತಾಗತಿತ್ತಲ್ಲ. ಭಟ್ಟಿಯವರಿಗೆ ಸುಳ್ಳೇ ಅಪವಾದ ಹೊರಿಸಿದೆ.”

ಆ ದಿನ ಅವಳು ನನ್ನ ಜೊತೆ ಮನೆಗೆ ಬರಲಿಲ್ಲ. ಕತ್ತಲಾದ ಮೇಲೆ ಬಂದಾಗ ಒಂದು ಹಾಳೆಯ ಮೇಲೆ ಕಟ್ಟಡದ ಚಿತ್ರ ಬರೆದು ತಂದಿದ್ದಳು. ಸಾಹೇಬರು ಎಣಿಸುವುದು ಮುಂಬಾಗಿಲಿನ ಮೆಟ್ಟಿಲು ಮಾತ್ರ. ಮುಂದಿನ ಅಂಗಳಕ್ಕೆ ಅದರ ಮಣ್ಣನ್ನೇ ಮರಳಿ ಹಾಕಿಬಿಡೋಣ, ಕಟ್ಟಡ ಖರೇ ಎಲ್ಲಿದೆಯೋ ಅಲ್ಲೇ ಕಾಣಲಿ, ಕಲ್ಲುಹೂವು ಹೂತುಹೋಗದಂತೆ ಬಡಗಣ ಗೋಡೆಯ ಗುಂಡಿ ಮಾತ್ರ ಹಾಗೇ ಇರಲಿ ಎಂದಳು. ಸರ್ ಒಳಗೆ ಹೇಗೆ ಹೋಗುತ್ತಾರೆ ಎಂದು ಕೇಳಿದೆ. ಕಿಟಕಿ ನೆಲದ ಮಟ್ಟಕ್ಕೆ ಬರುತ್ತದೆ, ಅದರಿಂದ ಎಂದಳು.

ಮಣ್ಣು ತುಂಬಲು ನಾಲ್ಕು ದಿನ ಹಿಡಿಯಿತು. ದಾವಲಸಾಬ ತಮ್ಮನ ಕೈಗಾಡಿ ತಂದ. ಹದಿನಾಲ್ಕು ವರ್ಷ ಒಬ್ಬಳೇ ಹೊತ್ತು ಹಾಕಿದ್ದನ್ನು ಮೂವರು ಮರಳಿ ತಂದೆವು. ಮೆಟ್ಟಿಲುಗಳು ಒಂದೊಂದಾಗಿ ಮುಚ್ಚಿಹೋದವು, ಆಮೇಲೆ ಹೊಸ್ತಿಲು, ಆಮೇಲೆ ಅರ್ಧ ಬಾಗಿಲು. ದಾವಲಸಾಬ ಸಲಿಕೆಗೆ ಒರಗಿ ನಿಂತು, ಸತ್ತವರನ್ನು ಮಣ್ಣು ಮಾಡುವುದು ನೋಡಿದ್ದೆ, ಜೀವಂತ ಇದ್ದದ್ದಕ್ಕೆ ಮಣ್ಣು ಹಾಕಿ ಬದುಕಿಸುವುದನ್ನು ಈಗಲೇ ನೋಡಿದೆ ಎಂದ. ಸುಗಲಾ ನಕ್ಕಳು. ನನಗೆ ನಗು ಬರಲಿಲ್ಲ. ಇಂಚಲ ಸರ್ ಮೊದಲ ದಿನ ಕಿಟಕಿಯ ಮೇಲೆ ಕೂತು, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಹಾಕಿ, ಸ್ವಲ್ಪ ಹೊತ್ತು ಹಾಗೇ ಇದ್ದರು. ಆಮೇಲೆ ಸುಗಲಾಳ ಭುಜ ಹಿಡಿದು ಒಳಗೆ ಇಳಿದರು.

ಮೋಜಣಿ ಸಾಹೇಬರ ಹೆಸರು ಜಹಗೀರದಾರ. ತೆಳ್ಳಗಿನ ಮನುಷ್ಯ, ಬೂಟಿಗೆ ಮಣ್ಣು ಹತ್ತದಂತೆ ನೋಡಿ ನೋಡಿ ಕಾಲಿಡುತ್ತಿದ್ದರು. ಅರ್ಧ ಹೂತ ಬಾಗಿಲನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಬಗಲ ಚೀಲದಿಂದ ಹದಿನಾಲ್ಕು ವರ್ಷದ ನಕಲುಗಳನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟರು. ಹೋದ ವರ್ಷ ಏಳು, ಈ ವರ್ಷ ನೆಲದಿಂದ ಕೆಳಗೆ ಆರು. ಒಂದೇ ವರ್ಷಕ್ಕೆ ಹದಿಮೂರು ಹೇಗೆ ಇಳಿಯುತ್ತದೆ ಎಂದು ಕೇಳಿದರು. ಪರಿಹಾರದ ಸುತ್ತೋಲೆ ಬಂದ ತಿಂಗಳಿಗೇ ಎಷ್ಟು ಕಟ್ಟಡಗಳ ಮುಂದೆ ಮಣ್ಣು ಬಿದ್ದಿದೆ ಎಂದು ನಿಮಗೆ ಗೊತ್ತೇ ಎಂದೂ ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಮೂರು ಊರು ನೋಡಿ ಬಂದಿದ್ದರಂತೆ.

“ಈ ನೆಲ ಖರೇ ಇದ್ದರ ಈ ಹದಿನಾಲ್ಕು ಕಾಗದ ಸುಳ್ಳು. ಕಾಗದ ಖರೇ ಇದ್ದರ ನೆಲ ಸುಳ್ಳು. ಯಾವುದು ಹೇಳ್ರಿ ಬಾಯೀ?”

ನನ್ನ ನೌಕರಿ ಇರುವುದೇ ಆ ಕಾಗದಗಳ ಮೇಲೆ. ಮನೆಯ ಬಾಡಿಗೆ, ಮಗಳ ಓದು, ಎಲ್ಲ ಆ ಸಹಿಗಳ ಮೇಲೆ ನಿಂತಿತ್ತು. ನೆಲ ಸುಳ್ಳು ಎಂದರೆ ನನ್ನದು ಉಳಿಯುತ್ತದೆ, ಗೋಡೆ ಮುಳುಗುತ್ತದೆ.

ಸುಗಲಾ ಸಾಹೇಬರನ್ನು ಕಟ್ಟಡದ ಹಿಂದಕ್ಕೆ ಕರೆದುಕೊಂಡು ಹೋದಳು. ನಾವು ಮಣ್ಣು ತೆಗೆದ ಕಡೆ ಗುಡ್ಡೆ ಚಾಕುವಿನಿಂದ ಕೊಯ್ದಂತೆ ನಿಂತಿತ್ತು. ಅದರ ಬದಿಯಲ್ಲಿ ಅಡ್ಡಡ್ಡ ಕಪ್ಪು ಗೆರೆಗಳು. ಪ್ರತಿ ವರ್ಷ ನಾನು ಮಣ್ಣು ಸುರಿದ ಮೇಲೆ ಮಳೆಗೆ ಹುಲ್ಲು ಬೆಳೆದು, ಮುಂದಿನ ಮಣ್ಣಿನಡಿ ಸಿಕ್ಕಿ ಕೊಳೆತು ಆದ ಗೆರೆಗಳು. ನಾನೇ ಅದನ್ನು ನೋಡಿರಲಿಲ್ಲ. ಅವಳು ಮೊದಲ ದಿನವೇ ನೋಡಿ, ಅಳೆದು, ಪುಸ್ತಕದಲ್ಲಿ ಬರೆದುಕೊಂಡಿದ್ದಳು. ದಪ್ಪ ಪದರ ಎರಡು ಮೆಟ್ಟಿಲಿನದು, ತೆಳು ಪದರ ಒಂದರದು, ಎರಡು ಗೆರೆ ಕೂಡಿಕೊಂಡಿದ್ದರೆ ಆ ವರ್ಷ ಮಣ್ಣು ಬಿದ್ದಿಲ್ಲ. ಸಾಹೇಬರು ಬೂಟಿನ ವಿಷಯ ಮರೆತು ಗುಡ್ಡೆಯ ಹತ್ತಿರ ಹೋಗಿ ಬೆರಳಿಟ್ಟು ಎಣಿಸಿದರು. ತಪ್ಪಿ ಮತ್ತೆ ಮೊದಲಿಂದ ಎಣಿಸಿದರು. ಗುಡ್ಡೆಗೆ ನನ್ನ ಫಾರಮ್ಮಿನಲ್ಲಿ ಕಾಲಮ್ಮಿಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಫಾರಮ್ಮನ್ನು ತಿರುಗಿಸಿ, ಹಿಂದಿನ ಖಾಲಿ ಬದಿಯಲ್ಲಿ ಬರೆಯತೊಡಗಿದರು.

ಬರೆದು ಮುಗಿಸಿ, ಇದು ನಡೆಯಬೇಕಾದರೆ ಹದಿನಾಲ್ಕು ನಕಲುಗಳ ಮೇಲೂ ಇದು ತಪ್ಪು ಎಂದು ಬರೆದು ನೀವು ಸಹಿ ಮಾಡಬೇಕು, ಆಮೇಲೆ ನಿಮ್ಮ ಮೇಲೆ ವಿಚಾರಣೆ ಆಗುತ್ತದೆ, ಅದು ನನ್ನ ಕೈಯಲ್ಲಿಲ್ಲ ಎಂದರು. ಇಂಚಲ ಸರ್ ಕಿಟಕಿಯಿಂದ ಬಗ್ಗಿ, ಮುಖ್ಯಸ್ಥನಾಗಿ ನಾನೂ ಸಹಿ ಹಾಕುತ್ತೇನೆ ಎಂದರು. ಸುಗಲಾ ನನ್ನ ಕಡೆ ನೋಡಲೇ ಇಲ್ಲ, ನೋಡಿದರೆ ಬೇಡಿದಂತಾಗುತ್ತದೆ ಎಂದೋ ಏನೋ. ನಾನು ಕಿಟಕಿಯ ಕಟ್ಟೆಯ ಮೇಲೆ ಕಾಗದ ಇಟ್ಟುಕೊಂಡು ಒಂದೊಂದಕ್ಕೂ ಬರೆದೆ. ತಪ್ಪು, ಕಾಶವ್ವ. ತಪ್ಪು, ಕಾಶವ್ವ. ಹದಿನಾಲ್ಕೂ ಮುಗಿಸಿ, ಕಾಗದಗಳನ್ನು ಜೋಡಿಸಿ ಸಾಹೇಬರ ಕೈಗೆ ಕೊಟ್ಟೆ.

ಆದೇಶದ ದಿನ ಮೈದಾನದಲ್ಲಿ ನಾನು ಬುತ್ತಿ ಬಿಚ್ಚಲಿಲ್ಲ. ವಿಚಾರಣೆಯ ನೋಟೀಸು ಎರಡು ದಿನ ಮೊದಲೇ ಬಂದಿತ್ತು, ಹದಿನೈದು ದಿನದಲ್ಲಿ ಉತ್ತರ ಕೊಡಬೇಕು. ಹನ್ನೊಂದಾಯಿತು, ಹನ್ನೆರಡಾಯಿತು. ನೆಲ ಗುರ್ ಎಂದಿತು. ವ್ಯಾಪಾರ ನಿರ್ವಹಣೆ ಒಂದು ಹಿಡಿ ಮೇಲೆ ಹೋದದ್ದು ಧೂಳಿನಲ್ಲೂ ಕಂಡಿತು. ಹಳೆ ಲಿಪಿಯವರ ಟಾಕಿ ಅಲುಗಾಡಿ ಮೇಲೆದ್ದು, ಕೆಳಗೆ ಒಂದು ಸಾಲು ಕಿಟಕಿಗಳು ಮಣ್ಣು ಉದುರಿಸುತ್ತ ಹೊರಬಂದವು. ಅಲ್ಲಿನ ಮುದುಕ ಗುಮಾಸ್ತರು ಅತ್ತುಬಿಟ್ಟರು. ನಾನು ನೋಡುತ್ತಿದ್ದದ್ದು ಒಂದೇ ಛಾವಣಿಯನ್ನು. ಸುಗಲಾ ನನ್ನ ಮುಂಗೈ ಹಿಡಿದಿದ್ದಳು, ಉಗುರು ಊರುತ್ತಿತ್ತು. ಧೂಳು ಕೂತಿತು. ಛಾವಣಿ ಇದ್ದಲ್ಲೇ ಇತ್ತು. ಏರಿರಲಿಲ್ಲ, ಇಳಿದಿರಲಿಲ್ಲ.

ಮಧ್ಯಾಹ್ನ ಕಾಗದ ಬಂದಾಗ ತಿಳಿಯಿತು. ಕಲ್ಲುಹೂವು ವಿಭಾಗದ ಪರಿಹಾರ ಪರಿಶೀಲನೆಯಲ್ಲಿದೆ, ಅಲ್ಲಿಯವರೆಗೆ ಯಥಾಸ್ಥಿತಿ. ಒಂದು ವರ್ಷ ಸಿಕ್ಕಿತು ಎಂದರು ಇಂಚಲ ಸರ್. ಅದು ಸಂತೋಷದ ಮಾತೋ ಚಿಂತೆಯ ಮಾತೋ ಅವರಿಗೂ ಗೊತ್ತಿದ್ದಂತಿರಲಿಲ್ಲ. ದಾವಲಸಾಬ ಮಾತ್ರ, ನಮ್ಮ ಗೇಟಿನ ಸಾಲಿಗೆ ಸೇರಿದಿರಿ, ಬರ್ರಿ ಚಾ ಕುಡಿಯೋಣ ಎಂದ. ಸುಗಲಾ ಚಾ ಕುಡಿಯದೆ ಬಡಗಣ ಗೋಡೆಗೆ ಹೋಗಿ ಆ ವರ್ಷದ ಅಳತೆ ತೆಗೆದಳು. ಬಂದು ಪುಸ್ತಕ ತೋರಿಸಿದಳು. ಕಾಲು ಮಿಲಿಮೀಟರಿಗೂ ಕಡಿಮೆ, ಆದರೆ ಬೆಳೆದಿತ್ತು.

ನೆಲ ಕೂರುವ ರಜೆಯಲ್ಲಿ ಈ ಸಲ ನನಗೆ ಅಲ್ಲಿ ಕೆಲಸವಿರಲಿಲ್ಲ. ವಿಚಾರಣೆ ಮುಗಿಯುವವರೆಗೆ ಮೆಟ್ಟಿಲ ರಿಜಿಸ್ಟರ್ ಬೇರೆಯವರ ಕೈಯಲ್ಲಿ. ಮನೆಯಲ್ಲಿ ಕೂತಿದ್ದೆ. ಕೈಗೆ ಏನು ಕೊಡಬೇಕೋ ತಿಳಿಯದೆ ಸ್ವಚ್ಛವಿದ್ದ ಡಬ್ಬಿಗಳನ್ನೇ ಮತ್ತೆ ತೊಳೆದೆ. ಸುಗಲಾ ಆ ಅಧ್ಯಾಯವನ್ನು ಹೊಸದಾಗಿ ಬರೆಯಲು ಕೂತಳು. ಮೊದಲ ಸಾಲು ಹೊಡೆದು ಹಾಕಿ, ಯಾವ ವರ್ಷ ಯಾವ ಬದಿಯಿಂದ ಎಷ್ಟು ತೋಡಿದೆ ಎಂದು ಒಂದೊಂದನ್ನೇ ಕೇಳತೊಡಗಿದಳು. ಗುಡ್ಡೆಯ ಗೆರೆ ಹೇಳದ್ದನ್ನು ನಾನು ಹೇಳಿದೆ. ನಿನಗೆ ಟೈಫಾಯಿಡ್ ಆದ ವರ್ಷ ಎರಡು, ಬಡಗಣ ಮೂಲೆಯಿಂದ. ನಿನ್ನ ಹತ್ತನೆಯ ಈಯತ್ತೆಯ ವರ್ಷ ಒಂದು. ಮನೆ ಬದಲಿಸಿದ ವರ್ಷ ಎರಡು, ಆಗ ನನ್ನ ಬೆನ್ನು ಹಿಡಿದಿತ್ತು. ಬೆನ್ನಿನ ಮಾತು ಬಂದಾಗ ಅವಳ ಪೆನ್ನು ನಿಂತಿತು. ಆ ವರ್ಷ ನಾನು ಅವಳಿಗೆ, ಬಸ್ಸಿನಲ್ಲಿ ನಿಂತು ಬಂದೆ ಅದಕ್ಕೆ ನೋವು ಎಂದು ಹೇಳಿದ್ದೆ.

ಅವಳು ಪುಸ್ತಕ ಮುಚ್ಚಿಟ್ಟು ಅಡಿಗೆ ಮನೆಗೆ ಹೋದಳು. ರೊಟ್ಟಿ ಬುಟ್ಟಿ ಎತ್ತಿಕೊಂಡು ಬಂದು, ಮೇಲಿನ ಅರಿವೆ ತೆಗೆಯದೆ, ನನ್ನ ಮುಂದೆ ಇಟ್ಟಳು.

“ಈಗ ಯಾವ ಕೆಲಸದ ಹತ್ತಿರ ಉಂಡು ಬಂದಿ? ನಿನ್ನ ಪಾಲಿಗೆ ಎಷ್ಟ ಉಳದಾವ?”

ಬೇಕಾದಷ್ಟು ಇವೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

“ತಗದು ನೋಡಿ ಹೇಳು,” ಎಂದಳು.

ಅರಿವೆ ತೆಗೆದೆ. ನೋಡಿದೆ.

“ಅರ್ಧ ರೊಟ್ಟಿ,” ಎಂದೆ.